ಆರು ಕಿಟಕಿಯ ಕೋಣೆ

ಸಕಲೇಶಪುರದ ಪೇಟೆಯಿಂದ ಹೊಳೆಯ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿ ನಾಲ್ಕು ಮನೆಗಳು ಒಂದಕ್ಕೊಂದು ಹೆಗಲು ತಾಗಿಸಿಕೊಂಡು ನಿಂತಿವೆ. ಊರಿನವರು ಅದಕ್ಕೆ ಅಲೇಟ್ ದೊರೆ ಸಾಲು ಎನ್ನುತ್ತಾರೆ. ಹಾಲೆಟ್ ಎಂಬ ಇಂಗ್ಲಿಷಿನವನು ಕಾಫಿ ವ್ಯಾಪಾರಕ್ಕೆಂದು ಬಂದವನು, ತನ್ನೂರಿನ ನೆನಪು ತಡೆಯಲಾರದೆ ಅಲ್ಲಿಯ ಬೀದಿಯೊಂದರ ತುಂಡನ್ನೇ ಇಲ್ಲಿ ಕಟ್ಟಿಸಿಕೊಂಡನಂತೆ. ಅವನ ದೇಶದಲ್ಲಿ ಜಾರ್ಜ್ ಎಂಬ ಹೆಸರಿನ ರಾಜರು ಒಬ್ಬರಾದ ಮೇಲೊಬ್ಬರು ಆಳಿದ ಕಾಲದಲ್ಲಿ ಪೇಟೆಯ ಮನೆಗಳೆಲ್ಲ ಹೀಗೇ ಏಳುತ್ತಿದ್ದವಂತೆ. ಅಗಲ ಕಡಿಮೆ, ಎತ್ತರ ಹೆಚ್ಚು. ಮುಂಬಾಗಿಲ ಮೇಲೆ ಬೀಸಣಿಗೆ ಬಿಚ್ಚಿಟ್ಟಂಥ ಗಾಜಿನ ಅರ್ಧಚಕ್ರ. ಕಿಟಕಿಗಳು ಹೊರಗೂ ತೆರೆಯುವುದಿಲ್ಲ, ಒಳಗೂ ತೆರೆಯುವುದಿಲ್ಲ, ಮೇಲಕ್ಕೆ ತಳ್ಳಬೇಕು. ಚೌಕಟ್ಟಿನ ಹೊಟ್ಟೆಯೊಳಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು ಕೆಳಗಿಳಿದಂತೆ ಗಾಜು ಮೇಲೇರುತ್ತದೆ.

ದೊರೆಯ ಲೆಕ್ಕ ತಪ್ಪಿದ್ದು ಅಡುಗೆಮನೆಯ ವಿಷಯದಲ್ಲಿ. ತನ್ನೂರಿನಲ್ಲಿದ್ದಂತೆ ಅದನ್ನು ನೆಲದ ಕೆಳಗೆ ಅಗೆಸಿದ್ದ. ಮೊದಲ ಮುಂಗಾರಿಗೇ ನಾಲ್ಕು ಅಡುಗೆಮನೆಗಳೂ ಬಾವಿಯಾದವು. ಈಗಲೂ ಆಷಾಢದಲ್ಲಿ ಅಲ್ಲಿ ಕಪ್ಪೆಗಳದೇ ಸಂಸಾರ. ಆದರೆ ಮೊದಲ ಮಹಡಿಯ ಮುಂಗೋಣೆಯನ್ನು ಅವನು ಮನಸಿಟ್ಟು ಮಾಡಿಸಿದ್ದ. ಮನೆಯ ದೊಡ್ಡಸ್ತಿಕೆಯೆಲ್ಲ ಅಲ್ಲಿತ್ತು. ಮೊಣಕಾಲೆತ್ತರದಿಂದ ಶುರುವಾಗಿ ಸೂರಿನ ಹತ್ತಿರದವರೆಗೆ ಏರಿದ ಮೂರು ಕಿಟಕಿ, ಒಂದು ಪಕ್ಕದಲ್ಲಿ ಚಳಿಗೆ ಬೆಂಕಿ ಹಾಕುವ ಕಲ್ಲಿನ ಗೂಡು, ಸೂರಿನ ಅಂಚಿಗೆ ಗಾರೆಯಲ್ಲಿ ತೆಗೆದ ಎಲೆಬಳ್ಳಿ. ಅದರ ಮೇಲಿನ ಮಹಡಿಗೆ ಹೋದರೆ ಕಿಟಕಿಗಳೂ ಗಿಡ್ಡ, ಸೂರೂ ಗಿಡ್ಡ. ಅದು ಆಳುಕಾಳುಗಳಿಗೆ.

ಸಾಲಿನ ಮೂರನೇ ಮನೆ ಮೆಣಸು ವ್ಯಾಪಾರದ ದಯಾನಂದ ಅವರದು. ಅವರ ಹೆಂಡತಿ ಸುಲೋಚನಮ್ಮ ಹುಟ್ಟಿದ್ದು ಕೆ. ಹೊಸಕೋಟೆಯ ಕಡೆಯ ಹಳ್ಳಿಯಲ್ಲಿ. ಬಗ್ಗಿ ಒಳಗೆ ಹೋಗಬೇಕಾದ ಹೆಂಚಿನ ಮನೆಯಲ್ಲಿ ಬೆಳೆದ ಹುಡುಗಿ ಮದುವೆಯಾಗಿ ಬಂದ ದಿನ, ಮೆಟ್ಟಿಲು ಹತ್ತಿ ಈ ಕೋಣೆಗೆ ಕಾಲಿಟ್ಟು, ಮೂರು ಕಿಟಕಿಗಳ ಬೆಳಕು ನೆಲದ ಹಲಗೆಯ ಮೇಲೆ ಉದ್ದಕ್ಕೆ ಮಲಗಿದ್ದನ್ನು ಕಂಡು ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಾಗದೆ ನಿಂತಿದ್ದರಂತೆ. ಅವತ್ತಿನಿಂದ ಆ ಕೋಣೆ ಅವರದು. ಧಾನ್ಯ ಹಸನು ಮಾಡುವುದೂ ಅಲ್ಲೇ, ಸೀರೆಗೆ ಕುಚ್ಚು ಕಟ್ಟುವುದೂ ಅಲ್ಲೇ.

ಹಾಗಾಗಿ ಮಗಳು ಮಾನಸಾಳ ನಿಶ್ಚಿತಾರ್ಥ ಗೊತ್ತಾದಾಗ ಸುಲೋಚನಮ್ಮ ಹಟ ಹಿಡಿದರು. ಮಾನಸಾ ಆಲೂರಿನ ಶಾಲೆಯೊಂದರಲ್ಲಿ ಗಣಿತದ ಮೇಡಂ. ಹುಡುಗ ರೇವಂತ್ ಹೆತ್ತೂರಿನವನು, ಕಾಫಿಯ ಜೊತೆಗೆ ಜೇನು ಸಾಕಿದ್ದವನು. ಮಾನಸಾ ಶಾಲೆಯ ಮಕ್ಕಳನ್ನು ಅವನ ಜೇನುಗೂಡು ತೋರಿಸಲು ಕರೆದೊಯ್ದಾಗ ಪರಿಚಯವಾಗಿ, ಮನೆಯವರೆಲ್ಲ ಒಪ್ಪಿ, ಮಾತು ಮುಗಿದಿತ್ತು. ದಯಾನಂದ ಸಮುದಾಯ ಭವನ ನೋಡಿಕೊಂಡು ಬಂದರು.

"ಭವನ ಬ್ಯಾಡ," ಎಂದರು ಸುಲೋಚನಮ್ಮ. "ನಮ್ಮ ಮೇಲಿನ ಕೋಣೆ ಐತಲ್ಲ. ಮಗಳ ವೀಳ್ಯ ಅಲ್ಲೇ ಬದಲಾಯಿಸ್ಬೇಕು."

"ಅಲ್ಲ ಕಣೇ, ಹೆತ್ತೂರಿಂದ ಎರಡು ವ್ಯಾನ್ ಜನ ಬತ್ತಾರೆ. ಅಷ್ಟು ಜನ ಆ ಕೋಣೇಲಿ ಹಿಡಿಸ್ತಾರಾ?"

"ಒತ್ತಿಕೊಂಡು ಕೂರ್ಲಿ. ಸಂಬಂಧ ಬೆಳೆಸಾಕೆ ತಾನೇ ಬತ್ತಿರಾದು?"

ದಯಾನಂದ ಭವನದವರಿಗೆ ಫೋನು ಮಾಡಿ ಬೇಡವೆಂದರು. ಹೆಂಡತಿ ಈ ದನಿಯಲ್ಲಿ ಮಾತಾಡಿದ ಮೇಲೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲವೆಂದು ಅವರಿಗೆ ಗೊತ್ತಿತ್ತು.

ಈ ಸಂಭ್ರಮಕ್ಕೆ ಕರೆಯದೇ ಉಳಿದ ಮನೆ ಒಂದೇ, ಅದೂ ಗೋಡೆಯಾಚೆಯ ನಾಲ್ಕನೇ ಮನೆ. ಅಲ್ಲಿ ನಂಜುಂಡ, ಸರೋಜಮ್ಮ ದಂಪತಿಗಳಿದ್ದರು. ನಂಜುಂಡ ಹೊಂಗಡಹಳ್ಳದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದವರು. ಮೂರನೆಯದೂ ನಾಲ್ಕನೆಯದೂ ಅವಳಿ ಮನೆಗಳು. ಒಂದರ ಪಕ್ಕ ಕನ್ನಡಿ ಇಟ್ಟರೆ ಇನ್ನೊಂದು. ಎರಡರ ನಡುವೆ, ಬೀದಿಯ ಕಡೆಯ ಮುಖದಲ್ಲಿ, ನೆಲದಿಂದ ಸೂರಿನವರೆಗೆ, ಗೋಡೆಯಿಂದ ಒಂದಿಷ್ಟೇ ಉಬ್ಬಿದ ಚಪ್ಪಟೆ ಕಂಬವೊಂದಿದೆ. ಏಳೆಂಟು ವರ್ಷದ ಹಿಂದೆ ದಯಾನಂದ ಹಬ್ಬಕ್ಕೆ ಮನೆಗೆ ಅರಿಸಿನದ ಬಣ್ಣ ಹೊಡೆಸಿದಾಗ ಬಣ್ಣದವನು ಕಂಬವನ್ನೂ ಪೂರ್ತಿ ಬಳಿದುಬಿಟ್ಟ. ಎಸ್ಟೇಟಿನಿಂದ ಬಂದ ನಂಜುಂಡ ನೋಡಿದರು. "ಕಂಬದಲ್ಲಿ ಅರ್ಧ ನಂದು" ಎಂದು ಮಾರನೆಯ ವಾರವೇ ತಮ್ಮ ಅರ್ಧಕ್ಕೆ ನೀಲಿ ಹೊಡೆಸಿದರು. ದಯಾನಂದ ಬೀದಿಯಲ್ಲಿ ನಿಂತು, "ಕಂಬ ಸೀಳಿದ ಮನುಷ್ಯ" ಎಂದರು. ನಂಜುಂಡ, "ಮೆಣಸು ಮಾರೋರಿಗೆ ಬಣ್ಣ ಏನ್ ಗೊತ್ತು" ಎಂದರು. ಅಷ್ಟಕ್ಕೇ ಮಾತು ನಿಂತಿತು. ಗಂಡಸರ ಜೊತೆ ಹೆಂಗಸರೂ ನಿಲ್ಲಿಸಬೇಕಾಯಿತು. ಅಲ್ಲಿಯವರೆಗೆ ಸರೋಜಮ್ಮನ ಮನೆಯ ಉಪ್ಪಿನಕಾಯಿ ಇಲ್ಲದೆ ಸುಲೋಚನಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಆದರೆ ಮೇಲಿನ ಕೋಣೆಯ ನಡುಗೋಡೆಯಲ್ಲಿ ಒಂದು ದೊಡ್ಡ ಬೀರು ಇತ್ತು. ಕಬ್ಬಿಣದ್ದಲ್ಲ, ಗೋಡೆಯೊಳಗೇ ಇಳಿದ ಮರದ ಬೀರು. ಅದರ ಬಾಗಿಲು ತೆರೆದರೆ ಆಚೆ ಮನೆಯ ಸದ್ದು ಕೇಳುತ್ತಿತ್ತು. ಸರೋಜಮ್ಮ ಬಟ್ಟೆ ಮಡಿಸುತ್ತಾ ಹಾಡಿಕೊಳ್ಳುವುದು, ಧಾರಾವಾಹಿಯ ಅತ್ತೆಗೆ ಬಯ್ಯುವುದು, ನೆಗಡಿಯಾದರೆ ಸಾಲಾಗಿ ಸೀನುವುದು, ಎಲ್ಲವೂ. ಸುಲೋಚನಮ್ಮ ಮಧ್ಯಾಹ್ನ ಅಕ್ಕಿ ಆರಿಸಲು ಬೀರುವಿನ ಬುಡದಲ್ಲೇ ಕೂರುತ್ತಿದ್ದರು. ಮಗಳ ಸಂಬಂಧ ಕುದುರಿದ ದಿನ ಬೀರುವಿನ ಬಾಗಿಲು ತೆಗೆದಿಟ್ಟು, ಫೋನಿನಲ್ಲಿ ನಾದಿನಿ ತನುಜಾಳಿಗೆ ಸುದ್ದಿಯನ್ನು ಊರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದರು. ಆಚೆ ಹಾಡು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ, ಮೊದಲಿಗಿಂತ ಜೋರಾಗಿ ಶುರುವಾಗಿತ್ತು.

ನಿಶ್ಚಿತಾರ್ಥದ ಭಾನುವಾರ ಬಂತು. ಹಿಂದಿನ ವಾರ ಹೂಮಳೆ ಬಿದ್ದು ಸುತ್ತಲಿನ ಗುಡ್ಡಗಳಲ್ಲೆಲ್ಲ ಕಾಫಿ ಅರಳಿತ್ತು. ಗಾಳಿ ಬೀಸಿದಾಗೆಲ್ಲ ಪೇಟೆಯೊಳಗೂ ಅದರ ಘಮ. ಮೇಲಿನ ಕೋಣೆಯಲ್ಲಿ ಆಲೂರಿನಿಂದ ಬಂದ ತನುಜಾ ಮಾನಸಾಳಿಗೆ ಸೀರೆ ಉಡಿಸುತ್ತಿದ್ದಳು. ಸುಲೋಚನಮ್ಮ ಫಲತಾಂಬೂಲದ ತಟ್ಟೆಗಳನ್ನು ಜೋಡಿಸಿಟ್ಟಿದ್ದರು. ಬೀಗರು ಕೂರಲು ಕೆಳಗಿದ್ದ ಬೀಟೆ ಮರದ ಸೋಫಾವನ್ನು ದಯಾನಂದ ಅಂಗಡಿಯ ಇಬ್ಬರು ಆಳುಗಳ ಜೊತೆ ಹೊತ್ತು ತಂದು, ಕಿಟಕಿಯ ಪಕ್ಕ ಇಳಿಸಿ, ಏದುಸಿರು ಬಿಡುತ್ತ ಕೆಳಗೆ ಹೊರಟರು.

ಆ ಮನೆಯ ಮೆಟ್ಟಿಲು ಮರದ್ದು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಕೈ ಹಿಡಿಯುವ ಕಟಾಂಜನ ಮಾತ್ರ. ಗೋಡೆಗೆ ಅಂಟಿಕೊಂಡೇ ಸುತ್ತಿಕೊಂಡು ಏರುತ್ತಿತ್ತು. ಸೂರಿನಲ್ಲಿದ್ದ ಮೊಟ್ಟೆಯಾಕಾರದ ಗಾಜಿನಿಂದ ಬೆಳಕು ಬಾವಿಗೆ ಬಿದ್ದಂತೆ ಕೆಳಗಿನ ನೆಲದವರೆಗೂ ಬೀಳುತ್ತಿತ್ತು. ನೋಡಲು ಚೆಂದ. ಒಳಗೊಳಗೇ ಗೆದ್ದಲು ಊಟ ಮುಗಿಸಿ ಕೈತೊಳೆದುಕೊಂಡಿದ್ದು ಯಾರಿಗೂ ತಿಳಿದಿರಲಿಲ್ಲ. ಸೋಫಾದ ಭಾರವನ್ನು ಹೇಗೋ ತಡೆದುಕೊಂಡ ಮೆಟ್ಟಿಲು, ಇಳಿಯುವವರ ಕಾಲಡಿಯಲ್ಲಿ ಒಮ್ಮೆ ನಿಟ್ಟುಸಿರಿಟ್ಟಿತು. ಆಳುಗಳಿಬ್ಬರೂ ನೆಲಕ್ಕೆ ಹಾರಿಕೊಂಡರು. ಹಿಂದಿದ್ದ ದಯಾನಂದ ಜಾರುಬಂಡೆಯಲ್ಲಿ ಜಾರಿದಂತೆ ಜಾರಿ, ಕೆಳಗೆ ಸುತ್ತಿಟ್ಟಿದ್ದ ಜಮಖಾನೆಯ ಮೇಲೆ ಸರಿಯಾಗಿ ಕೂತರು. ಅವರ ಹಿಂದೆ ಅರ್ಧ ಮೆಟ್ಟಿಲು ಧೂಳೆಬ್ಬಿಸುತ್ತ ಇಳಿಯಿತು.

"ರೀ! ಏನಾಯ್ತ್ರೀ?" ಸುಲೋಚನಮ್ಮ ಮೇಲಿನಿಂದ ಕೂಗಿದರು.

ಧೂಳಿನೊಳಗಿಂದ ದನಿ ಬಂತು. "ಮೆಟ್ಲು ಹೋಯ್ತು. ನಾನಿದೀನಿ."

ಯಾರಿಗೂ ಪೆಟ್ಟಾಗಿಲ್ಲವೆಂದು ಖಾತ್ರಿಯಾದ ಮೇಲೆ ಮಾನಸಾ ನಗಲು ಶುರುಮಾಡಿದಳು. ಅರ್ಧ ಉಟ್ಟ ಸೀರೆಯನ್ನು ಹಿಡಿದುಕೊಂಡೇ ಗೋಡೆಗೊರಗಿ ನಕ್ಕಳು. ತನುಜಾಳಿಗೂ ತಡೆಯಲಾಗಲಿಲ್ಲ. ಸುಲೋಚನಮ್ಮನಿಗೆ ಮಾತ್ರ ನಗು ಬರಲಿಲ್ಲ. ಮೇಲೆ ಮೂವರು ಹೆಂಗಸರು, ತಾಂಬೂಲ, ಸೋಫಾ. ಕೆಳಗೆ ಹೋಳಿಗೆ, ಗಂಡ. ನಡುವೆ ಏನೂ ಇಲ್ಲ.

ಅಷ್ಟರಲ್ಲಿ ಮಾನಸಾಳ ಫೋನು ಬಡಿದುಕೊಂಡಿತು. ಹುಡುಗನ ತಂದೆ ವೀರಭದ್ರಯ್ಯ.

"ಹೆತ್ತೂರು ಬಿಟ್ವಿ ಕಣವ್ವ. ನಮ್ಮವ್ವನೂ ಹಟ ಮಾಡಿ ಹೊರಟವ್ರೆ. ಮನೆ ಗುರುತು ಹೆಂಗೆ?"

"ಸಾಲಿನಲ್ಲಿ ಮೂರನೇ ಬಾಗ್ಲು, ಮಾವ," ಎಂದು ಮಾನಸಾ ನಗು ನುಂಗಿಕೊಂಡು ಹೇಳಿದಳು.

ದಯಾನಂದ ಅಂಗಡಿಗೆ ಆಳು ಓಡಿಸಿ ಮೆಣಸು ಕೊಯ್ಯುವ ಬಿದಿರಿನ ಏಣಿ ತರಿಸಿ ಕಿಟಕಿಗೆ ಒರಗಿಸಿದರು. "ಒಬ್ಬೊಬ್ಬರೇ ಇಳೀರಿ, ನಾನು ಹಿಡ್ಕೊಂಡಿರ್ತೀನಿ!" ಎಂದು ಬೀದಿಯಿಂದ ಕೂಗಿದರು.

"ನಾನು ಇಳೀತೀನಿ," ಎಂದಳು ಮಾನಸಾ.

"ರೇಷ್ಮೆ ಸೀರೇಲಿ ಮದುಮಗಳು ಏಣಿ ಇಳ್ಯಾದಾ? ಬೀದಿ ಜನ ಏನಂದಾರು?" ಎಂದರು ಸುಲೋಚನಮ್ಮ. "ಇಳಿದ್ರೂ ಶಾಸ್ತ್ರ ಎಲ್ಲಿ ಮಾಡಾನ? ಕೆಳಗಿನ ಕೋಣೇಲಿ ಹತ್ತು ಜನ ನಿಂತ್ರೆ ಉಸಿರಾಡಾಕಾಗಲ್ಲ."

ಅವರು ಬೀರುವಿನ ಮುಂದೆ ನೆಲದ ಮೇಲೆ ಕೂತುಬಿಟ್ಟರು. ಭವನ ಬೇಡವೆಂದು ಹಟ ಮಾಡಿದ್ದು ತಾವೇ. ಬೀಗರು ಬಂದು ಬೀದಿಯಲ್ಲಿ ನಿಲ್ಲುವುದು ಕಣ್ಣ ಮುಂದೆ ಬಂದು ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಳ್ಳುವಾಗ ಬೀರುವಿನೊಳಗಿಂದ ಯಾರೋ ಕರೆದರು.

"ಸುಲೋಚನಾ. ಲೇ ಸುಲೋಚನಾ. ಯಾರಾರ ಬಿದ್ರೇನೇ?"

ಸುಲೋಚನಮ್ಮ ಬೀರುವಿನ ಬಾಗಿಲು ತೆಗೆದರು. ಒಳಗೆ ಉಪ್ಪಿನಕಾಯಿ ಜಾಡಿಗಳು, ಹಳೇ ಸೀರೆಗಳ ಗಂಟು. ಅವುಗಳಿಗೇ ಉತ್ತರ ಕೊಟ್ಟರು. "ಇಲ್ಲ ಸರೋಜಕ್ಕ. ನಮ್ಮ ಮನೆಯವ್ರು ಜಾರಿದ್ರು, ಪೆಟ್ಟೇನಿಲ್ಲ. ಮೆಟ್ಲು ಪೂರಾ ಹೋಗ್ಬುಡ್ತು."

"ಅಯ್ಯೋ ಶಿವನೇ! ನಾನು ಬೆಳಗ್ಗಿಂದ ಇಲ್ಲೇ ಕುಂತಿವ್ನಿ ಕಣೇ. ಮಾನಸಾಂಗೆ ಯಾವ ಸೀರೆ ಅಂತ ಕೇಳಿಸ್ಕೊತಿದ್ದೆ. ಹಸಿರೋ, ಕೆಂಪೋ? ಕೊನೆಗೆ ಯಾವ್ದು ಉಡಿಸಿದ್ರಿ?"

"ಹಸಿರು," ಎಂದರು ಸುಲೋಚನಮ್ಮ. ಹೇಳುತ್ತಲೇ ಅಳುವೂ ಬಂತು, ನಗುವೂ ಬಂತು. "ಬೀಗ್ರು ದಾರೀಲವ್ರೆ ಸರೋಜಕ್ಕ. ಏನು ಮಾಡ್ಲಿ?"

"ನಮ್ಮ ಮೆಟ್ಲು ಗಟ್ಟಿ ಐತೆ. ಆದ್ರೆ ನಡುವೆ ಈ ಗೋಡೆ ಐತಲ್ಲ ಮಾರಾಯ್ತಿ."

ಮಾನಸಾ ನಗು ನಿಲ್ಲಿಸಿ ಹತ್ತಿರ ಬಂದಿದ್ದಳು. ಬೀರುವಿನ ಬಾಗಿಲನ್ನು ತಟ್ಟಿ ನೋಡಿದಳು, ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿದಳು. "ದೊಡ್ಡಮ್ಮ, ನಾನು ಮಾನಸಾ. ನಿಮ್ಮ ಕಡೆ ಏನೈತೆ ಇಲ್ಲಿ? ಗೋಡೇನಾ?"

"ಇಲ್ಲವ್ವ, ನಮ್ದೂ ಬೀರೂನೇ. ಕಂಬಳಿ, ಕೌದಿ ಇಟ್ಟಿವ್ನಿ."

"ಎಷ್ಟು ಬಾಗ್ಲು?"

"ನಾಲ್ಕು. ಸೂರಿನ ತಂಕ ಐತೆ. ಹಿತ್ತಾಳೆ ಗುಬುಟು."

ಮಾನಸಾ ತಾಯಿಯ ಮುಖ ನೋಡಿದಳು. ಇಲ್ಲಿಯೂ ನಾಲ್ಕು ಬಾಗಿಲು, ಮಡಚಿಕೊಳ್ಳುವ ಜೋಡಿ ಜೋಡಿ. ಇಲ್ಲಿಯೂ ಎಳೆಯಲು ಹಿತ್ತಾಳೆಯ ದುಂಡನೆಯ ಗುಬುಟು. ಬುಡದಲ್ಲಿ ಕಲ್ಲಿನ ಹೊಸ್ತಿಲು. "ಅಮ್ಮ, ಬೀರುವಿಗೆ ಯಾರಾದ್ರೂ ಹೊಸ್ತಿಲು ಹಾಕ್ತಾರಾ?" ಎಂದಳು.

ಸುಲೋಚನಮ್ಮ ಇಷ್ಟು ವರ್ಷ ಆ ಹೊಸ್ತಿಲನ್ನು ದಾಟಿ ಜಾಡಿ ತೆಗೆದಿದ್ದರು, ಒಮ್ಮೆಯೂ ಯೋಚಿಸಿರಲಿಲ್ಲ. ತನುಜಾ ಜಾಡಿ ಸರಿಸಿ ಹಿಂದಿನ ಹಲಗೆಯನ್ನು ಗುದ್ದಿದಳು. ಆಚೆಯಿಂದ ಸರೋಜಮ್ಮ ತಿರುಗಿ ಗುದ್ದಿದರು. ಹಲಗೆ ಡೋಲಿನಂತೆ ಮೊಳಗಿತು. ಇದು ಬೀರುವಲ್ಲ, ಬಾಗಿಲು. ದೊರೆ ಎರಡು ಮನೆಯನ್ನೂ ತಾನೇ ಇಟ್ಟುಕೊಂಡು ದೊಡ್ಡ ಕೂಟ ನಡೆಸಲು ಮಾಡಿಸಿದ್ದ ಅಗಲದ ಬಾಗಿಲಿಗೆ, ಆಮೇಲೆ ಬಂದವರು ಯಾರೋ ನಡುವೆ ಹಲಗೆ ಹೊಡೆದು, ಎರಡು ಕಡೆಗೂ ಸಾಮಾನಿಡಲು ಅಡ್ಡಪಟ್ಟಿ ಕೂರಿಸಿ, ಬೀರು ಮಾಡಿಕೊಂಡಿದ್ದರು.

"ಈ ಕಡೆಯಿಂದ ಮೊಳೆ ಹೊಡೆದವ್ರೆ ಕಣೇ, ನಂಗೆ ಕಾಣ್ತಾ ಐತೆ," ಎಂದರು ಸರೋಜಮ್ಮ. ಆಮೇಲೆ ಅವರ ದನಿ ಬೇರೆ ಕಡೆಗೆ ತಿರುಗಿತು. "ರೀ! ಹಾರೆ ತಗಂಡ್ ಬನ್ರೀ!"

ನಂಜುಂಡರ ಗೊಣಗಾಟ ಸ್ಪಷ್ಟವಾಗಿಯೇ ಕೇಳಿತು. "ಒಬ್ಬನ ಕೈಲಿ ಆಗೋ ಕೆಲ್ಸ ಅಲ್ಲ. ಆವಯ್ಯ ಬಂದು ಕೇಳ್ಲಿ."

"ಬಿದ್ದೋನು ಬಂದು ಕೇಳ್ಬೇಕಾ? ನೀವು ಹೋಗಿ ಕರೀರಿ. ಇಲ್ದಿದ್ರೆ ಇವತ್ತು ನಿಮ್ಗೆ ಮುದ್ದೆ ಇಲ್ಲ."

ಸುಲೋಚನಮ್ಮ ಮರ್ಯಾದೆಗೆಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ಕಿವಿ ಮಾತ್ರ ಅಲ್ಲೇ ಇತ್ತು.

ಸ್ವಲ್ಪ ಹೊತ್ತಿಗೆ ನಾಲ್ಕನೇ ಮನೆಯ ಬಾಗಿಲು ತೆರೆಯಿತು. ಹೆಗಲ ಮೇಲೆ ಹಾರೆ ಇಟ್ಟುಕೊಂಡ ನಂಜುಂಡ ಹೊರಗೆ ಬಂದರು. ಏಣಿ ಹಿಡಿದು ನಿಂತಿದ್ದ ದಯಾನಂದ ಹಾರೆಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ನಂಜುಂಡ ಏಣಿಯನ್ನು ಮೇಲಿಂದ ಕೆಳಗೆ ನೋಡಿದರು.

"ಏಣಿ ತಲೆಕೆಳಗಾಗೈತೆ," ಎಂದರು.

ದಯಾನಂದ ನೋಡಿಕೊಂಡರು. ಹೌದು, ಅಗಲದ ಬುಡ ಮೇಲಿತ್ತು, ಚೂಪು ತುದಿ ಕೆಳಗಿತ್ತು. ಮೆಣಸಿನ ವ್ಯಾಪಾರದಲ್ಲೇ ತಲೆ ಹಣ್ಣಾದ ಮನುಷ್ಯ. ಅವರ ಕಿವಿ ಕೆಂಪಾದವು. ಏನು ಹೇಳಬೇಕೆಂದು ತಿಳಿಯದೆ, "ಗಾಬರೀಲಿ ಗೊತ್ತಾಗ್ಲಿಲ್ಲ ಗೌಡ್ರೇ," ಎಂದರು.

"ನಂಗೂ ಹಂಗೇ. ಹಿರೀ ಮಗಳ ಮದುವೇಲಿ ಚಪ್ಪಲಿ ಹಾಕ್ಕೊಂಡು ಮಂಟಪ ಹತ್ಬುಟ್ಟಿದ್ದೆ," ಎಂದರು ನಂಜುಂಡ. "ಒಳಗೆ ಬನ್ನಿ. ಹೊತ್ತಾಗ್ತಾ ಐತೆ."

ದಯಾನಂದ ಆ ಮನೆಯ ಒಳಗೆ ಬಂದು ಎಷ್ಟು ವರ್ಷವಾಗಿತ್ತೋ. ತಮ್ಮ ಮನೆಯನ್ನೇ ಕನ್ನಡಿಯೊಳಗೆ ಹೊಕ್ಕಂತೆ ಆಯಿತು. ಎಡಕ್ಕಿರಬೇಕಾದ ಕೋಣೆ ಬಲಕ್ಕೆ, ಬಲಕ್ಕೆ ತಿರುಗಬೇಕಾದ ಮೆಟ್ಟಿಲು ಎಡಕ್ಕೆ. ಅಭ್ಯಾಸಬಲದಿಂದ ಕಟಾಂಜನಕ್ಕೆ ಕೈ ಚಾಚಿದರೆ ಬರೀ ಗೋಡೆ. ತಡವರಿಸಿದಾಗ ನಂಜುಂಡ ಅವರ ತೋಳು ಹಿಡಿದುಕೊಂಡರು. "ಒಂದೇ ದಿನ ಎರಡು ಸಲ ಬೀಳ್ಬ್ಯಾಡಿ."

ಮೇಲೆ ಕೆಲಸ ಭರದಿಂದ ಸಾಗಿತು. ಈಚೆ ಕಡೆ ತನುಜಾ, ಸುಲೋಚನಮ್ಮ ಜಾಡಿ ಇಳಿಸಿ ಅಡ್ಡಪಟ್ಟಿ ಕಿತ್ತರು. ಆಚೆ ಸರೋಜಮ್ಮ ಕೌದಿಗಳನ್ನು ಮಂಚಕ್ಕೆ ಎಸೆದರು. ನಂಜುಂಡ ಹಾರೆಯ ತುದಿಯನ್ನು ಹಲಗೆಯ ಸಂದಿಗೆ ಕೊಟ್ಟರು, ದಯಾನಂದ ಅದರ ಮೇಲೆ ಭಾರ ಬಿಟ್ಟರು. ಹಳೇ ಮೊಳೆಗಳು ಕಿರುಚಿಕೊಂಡವು. ಮೊದಲ ಹಲಗೆ ಕಳಚಿದಾಗ ಎರಡು ಕಡೆಯ ಹೆಂಗಸರ ಮುಖಗಳು ಒಂದು ಗೇಣಿನ ಅಂತರದಲ್ಲಿ ಎದುರಾದವು. ಬೀದಿಯಲ್ಲಿ ಕಂಡರೂ ತಲೆತಗ್ಗಿಸಿ ಹೋಗುತ್ತಿದ್ದವರು ಈಗ ಕಣ್ಣಿಟ್ಟು ನೋಡಿಕೊಂಡರು.

"ಒಡವೆ ಹಾಕ್ಕೊಂಡಿಲ್ವಲ್ಲೇ ಇನ್ನೂ?" ಎಂದರು ಸರೋಜಮ್ಮ.

"ಹಾಕ್ಕೊಳಕ್ಕೆ ಪುರುಸೊತ್ತೆಲ್ಲಿ?"

"ಹಲಗೆ ಅವ್ರು ನೋಡ್ಕೊತಾರೆ, ನೀನು ಹೋಗಿ ಹಾಕ್ಕೋ. ನಾನೂ ಸೀರೆ ಬದಲಾಯಿಸ್ತೀನಿ." ಹೊರಟವರು ತಿರುಗಿ ಕೇಳಿದರು, "ಬರಬೌದು ತಾನೇ?"

"ನೀವಿಲ್ದೆ ಹೆಂಗೆ ಸರೋಜಕ್ಕ?" ಎಂದು ಹೇಳಿದವರು ಸುಲೋಚನಮ್ಮನಲ್ಲ. ಹಾರೆಯ ಮೇಲೆ ಬಗ್ಗಿದ್ದ ದಯಾನಂದ, ತಲೆ ಎತ್ತದೆ, ಬೆವರು ಒರೆಸುತ್ತ ಹೇಳಿದ್ದರು.

ಕೊನೆಯ ಹಲಗೆ ಬಿದ್ದು, ಎರಡು ಕಡೆಯ ಬಾಗಿಲುಗಳನ್ನೂ ಮಡಚಿ ಗೋಡೆಗೆ ಒರಗಿಸಿದಾಗ ಎಲ್ಲರೂ ಹಿಂದೆ ಸರಿದು ನಿಂತು ನೋಡಿದರು. ಎರಡು ಕೋಣೆಗಳು ಹೋಗಿ ಒಂದೇ ಉದ್ದದ ಹಜಾರವಾಗಿತ್ತು. ಆ ತುದಿಗೊಂದು ಈ ತುದಿಗೊಂದು ಬೆಂಕಿಗೂಡು. ಬೀದಿಯ ಕಡೆಗೆ ಆರು ಕಿಟಕಿ, ನೆಲದ ಮೇಲೆ ಆರು ಪಟ್ಟಿ ಬೆಳಕು. ಸೂರಿನ ಅಂಚಿನ ಗಾರೆಯ ಬಳ್ಳಿ ಈ ಕೋಣೆಯಲ್ಲಿ ಅರ್ಧಕ್ಕೇ ನಿಂತಿದೆಯೆಂದು ಸುಲೋಚನಮ್ಮ ಅಂದುಕೊಂಡಿದ್ದರು. ಅದು ನಿಂತಿರಲಿಲ್ಲ. ಬಾಗಿಲಿನ ನೆತ್ತಿಯ ಮೇಲೆ ದೊಡ್ಡ ಹೂವೊಂದನ್ನು ಬಿಟ್ಟು ಆಚೆ ಕೋಣೆಗೆ ಹಬ್ಬಿಕೊಂಡು ಹೋಗಿತ್ತು. ಮಾನಸಾ ಸೀರೆಯ ನೆರಿಗೆ ಎತ್ತಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಓಡಿದಳು. ಓಡಿದ ಸದ್ದಿಗೆ ಕಿಟಕಿಯ ಗಾಜುಗಳೆಲ್ಲ ಸಣ್ಣಗೆ ನಡುಗಿ ದನಿಗೂಡಿದವು.

"ಗೌಡ್ರೇ," ಎಂದರು ದಯಾನಂದ, "ಇಷ್ಟು ಅಗಲದ ಬಾಗ್ಲು ಹಾಕಿಸಿಟ್ಟಿದ್ದ ಪುಣ್ಯಾತ್ಮ."

"ನಾವು ಕೌದಿ ತುಂಬಿದ್ವಿ ಕಣ್ರೀ ಅದ್ರೊಳಗೆ," ಎಂದರು ನಂಜುಂಡ.

ಬೀಗರ ವ್ಯಾನುಗಳು ಬಂದಾಗ ನಂಜುಂಡ ಗರಿಗರಿ ಪಂಚೆ ಉಟ್ಟು ನಾಲ್ಕನೇ ಬಾಗಿಲಲ್ಲಿ ಪನ್ನೀರು ಹಿಡಿದು ನಿಂತಿದ್ದರು. ವೀರಭದ್ರಯ್ಯ ಎತ್ತರದ, ದಪ್ಪನೆಯ ಮನುಷ್ಯ. ಮೂರನೇ ಬಾಗಿಲಿಗೆ ಹೋದವರನ್ನು ನಂಜುಂಡ ಕೈಹಿಡಿದು ಕರೆತಂದರು. "ಆ ಬಾಗ್ಲು ಇವತ್ತು ರಜಾ. ಇಲ್ಲಿಂದ ಬನ್ನಿ."

ಹುಡುಗನ ಅಜ್ಜಿಯನ್ನು ರೇವಂತ್ ಕೈಹಿಡಿದು ಮೆಟ್ಟಿಲು ಹತ್ತಿಸಿದ. ಆಕೆ ಮೇಲೆ ಬಂದು, ಸೋಫಾದಲ್ಲಿ ಕೂತು, ಕೋಣೆಯ ಉದ್ದವನ್ನು ಕಣ್ಣಲ್ಲೇ ಅಳೆದರು. ಕಿಟಕಿ ಎಣಿಸಿದರು. ಬೆಂಕಿಗೂಡು ಎಣಿಸಿದರು. ಎದುರಿಗಿದ್ದ ಸುಲೋಚನಮ್ಮನನ್ನು ಹತ್ತಿರ ಕರೆದು, "ನಮ್ಮ ಹುಡುಗ ಹೇಳ್ಲೇ ಇಲ್ಲ ಕಣವ್ವ, ಇಷ್ಟು ದೊಡ್ಡ ಮನೆ ನಿಮ್ದು ಅಂತ. ಅರಮನೆ ಐತಲ್ಲ!" ಎಂದರು.

ಸುಲೋಚನಮ್ಮ ಬಾಯಿ ತೆರೆದರು. ಪಕ್ಕದಲ್ಲಿದ್ದ ಸರೋಜಮ್ಮ ಅವರ ಸೊಂಟಕ್ಕೆ ಮೆಲ್ಲಗೆ ಚಿವುಟಿ, ಕಿವಿಯಲ್ಲಿ ಹೇಳಿದರು, "ಸುಮ್ಕಿರೇ. ಇವತ್ತು ಹಂಗೇ ಇರ್ಲಿ."

ಆದರೆ ಮಾನಸಾ ಸುಮ್ಮನಿರುವ ಹುಡುಗಿಯಲ್ಲ. ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ ಎದ್ದವಳು ನಡುವಿನ ಹೊಸ್ತಿಲು ತೋರಿಸಿ, "ಅಜ್ಜಿ, ಅಲ್ಲಿಂದ ಈಚೆಗೆ ನಮ್ದು, ಆಚೆಗೆ ದೊಡ್ಡಮ್ಮಂದು. ನಮ್ಮ ಮೆಟ್ಲು ಬೆಳಗ್ಗೆ ಮುರಿದು ಬಿದ್ದೋಯ್ತು. ನೀವು ಹತ್ತಿ ಬಂದಿದ್ದು ಅವ್ರ ಮೆಟ್ಲು," ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ದಯಾನಂದ ನಂಜುಂಡರ ಕಡೆ ನೋಡಿದರು. ಆಗ ಮೊದಲು ನಕ್ಕವನು ರೇವಂತ್. ಅವನ ಹಿಂದೆ ವೀರಭದ್ರಯ್ಯ ಹೊಟ್ಟೆ ಕುಣಿಸಿ ನಕ್ಕರು. "ನಮ್ಮನೆಗೆ ಬರ್ಬೇಕಾದ್ರೂ ಪಕ್ಕದವರ ತೋಟದೊಳಗೇ ಬರ್ಬೇಕು ಕಣವ್ವ. ಮಳೆಗಾಲದಾಗೆ ಅವ್ರ ಅಂಗಳದಾಗೇ ಜೀಪು ನಿಲ್ಸಾದು. ನಿಂಗೆ ಹೊಸದಾಗಿ ಏನೂ ಕಲಿಸಂಗಿಲ್ಲ ಬುಡು."

ಅಜ್ಜಿ ಮಾನಸಾಳ ಗಲ್ಲ ಹಿಡಿದುಕೊಂಡರು. "ಸುಳ್ಳು ಹೇಳಾಕೆ ಬರಲ್ಲ ಇವಳಿಗೆ. ರೇವಂತ, ನೀನಿನ್ನು ಹುಷಾರಾಗಿರಪ್ಪ."

ಶಾಸ್ತ್ರ ನಡೆಯಿತು. ವೀಳ್ಯದ ತಟ್ಟೆ ಬದಲಾಯಿಸುವಾಗ ಎರಡೂ ಕಡೆಯವರು ಹಳೇ ಹೊಸ್ತಿಲಿನ ಆಚೆ ಈಚೆ ಕೂತಿದ್ದರು. ಯಾರೂ ಯೋಚಿಸಿ ಮಾಡಿದ್ದಲ್ಲ, ಜಾಗ ಹಾಗೇ ಕೂರಿಸಿತ್ತು. ಊಟ ಮೂರನೇ ಮನೆಯ ಕೆಳಗಿನಿಂದ ಹೊರಟು, ಬೀದಿಗಿಳಿದು, ನಾಲ್ಕನೇ ಮನೆಯ ಮೆಟ್ಟಿಲು ಹತ್ತಿ ಬರಬೇಕಾಗಿತ್ತು. ಹೋಳಿಗೆಯ ಬುಟ್ಟಿ ಹಾದುಹೋಗುವಾಗ ಬೀದಿಯಲ್ಲಿ ನಿಂತಿದ್ದವರೆಲ್ಲ ಮೂಸಿ ನೋಡಿದರು. ಸಾಲಿನ ಮೊದಲ ಮನೆಯ ಫೋಟೋ ಸ್ಟುಡಿಯೋದವನು ಫೋಟೋ ತೆಗೆಯಲು ಯಾರೂ ಹೇಳದೆಯೇ ಕ್ಯಾಮೆರಾ ಹಿಡಿದು ಮೇಲೆ ಬಂದ, ಊಟಕ್ಕೂ ಕೂತ. ಸರೋಜಮ್ಮ ತಮ್ಮ ಅಡುಗೆಮನೆಯಿಂದ ಮಾವಿನ ಮಿಡಿ ಉಪ್ಪಿನಕಾಯಿ ತಂದು ಬಡಿಸುತ್ತ ಬಂದರು. ಸುಲೋಚನಮ್ಮ ಎಲೆಯ ಮುಂದೆ ಕೂತವರು, ಮಿಡಿಯ ತೊಟ್ಟು ಕಚ್ಚಿ, ಕಣ್ಣು ಮುಚ್ಚಿಕೊಂಡು, ಇನ್ನೊಂದು ಹಾಕಿ ಎಂದು ಕೈ ತೋರಿಸಿದರು.

ಆಮೇಲಿನ ದಿನಗಳಲ್ಲಿ ಬಡಗಿ ಶಾಂತಮಲ್ಲಪ್ಪ ಬಂದು ಮೆಟ್ಟಿಲಿನ ಅಳತೆ ತೆಗೆದುಕೊಂಡು ಹೋದ. ಮರ ಒಣಗಬೇಕು, ಬಾಗು ಕೂರಬೇಕು ಎಂದು ದಿನ ಮುಂದಕ್ಕೆ ಹಾಕುತ್ತಲೇ ಇದ್ದ. ಅಲ್ಲಿಯವರೆಗೆ ದಯಾನಂದರ ಮನೆಯವರೆಲ್ಲ ಮಲಗುವ ಕೋಣೆಗೆ ಹೋಗಬೇಕಾದರೆ ನಂಜುಂಡರ ಮನೆಯ ಮೂಲಕವೇ ಹೋಗಬೇಕಿತ್ತು. ಮೊದಲ ವಾರ ದಯಾನಂದ ಸಂಜೆ ಅಂಗಡಿಯಿಂದ ಬಂದು, ಪಕ್ಕದ ಮನೆಯ ಹಜಾರದಲ್ಲಿ ತಲೆ ಬಗ್ಗಿಸಿ, "ಬರ್ತೀನಿ ಗೌಡ್ರೇ" ಎಂದು ಹೇಳಿ ಸರಸರನೆ ಮೇಲೆ ಹೋಗುತ್ತಿದ್ದರು. ಎರಡನೇ ವಾರ ನಂಜುಂಡ, "ವಾರ್ತೆ ಮುಗಿಯಾ ತಂಕ ಕೂತ್ಕೊಳ್ರೀ" ಎಂದರು. ಆಮೇಲೆ ಚೌಕಾಬಾರದ ಮಣೆ ಈಚೆ ಬಂತು. ನಂಜುಂಡ ಕವಡೆ ಹಾಕುವಾಗ ಮೋಸ ಮಾಡುತ್ತಾರೆಂದು ದಯಾನಂದರ ದೂರು. ದಯಾನಂದರಿಗೆ ಸೋಲಲು ಬರುವುದಿಲ್ಲವೆಂದು ನಂಜುಂಡರದು. ಇಬ್ಬರ ಕೂಗಾಟ ಬೀದಿಗೆ ಕೇಳುತ್ತಿತ್ತು, ಕೇಳಿದವರು ಮತ್ತೆ ಜಗಳ ಶುರುವಾಯಿತೇನೋ ಎಂದು ಇಣುಕಿ ನೋಡಿ ನಗುತ್ತ ಹೋಗುತ್ತಿದ್ದರು.

ವೈಶಾಖದಲ್ಲಿ, ಮದುವೆಗೆ ಇನ್ನೇನು ನಾಲ್ಕು ದಿನವಿದೆ ಎನ್ನುವಾಗ ಮೆಟ್ಟಿಲು ತಯಾರಾಯಿತು. ಹೊಸ ಮರದ ವಾಸನೆ, ನುಣುಪು ಕಟಾಂಜನ. ದಯಾನಂದ ಮೂರು ಸಲ ಹತ್ತಿ ಇಳಿದು, ಒಂದೊಂದು ಮೆಟ್ಟಿಲನ್ನೂ ತುಳಿದು ನೋಡಿ ಸಮಾಧಾನಪಟ್ಟರು. ಶಾಂತಮಲ್ಲಪ್ಪ ಮೇಲಿನ ಕೋಣೆಗೆ ಬಂದು, ಗರಗಸ ಒರೆಸಿಕೊಳ್ಳುತ್ತ ಕೇಳಿದ, "ಯಜಮಾನ್ರೇ, ಹೆಂಗೂ ಬಂದಿವ್ನಿ. ಈ ನಡುವಿನ ಹಲಗೇನೂ ವಾಪಸ್ ಹೊಡೆದು ಕೊಟ್ಬುಡ್ಲಾ?"

ದಯಾನಂದ ಹೆಂಡತಿಯ ಮುಖ ನೋಡಿದರು. ಸುಲೋಚನಮ್ಮ ಆಚೆ ಕಿಟಕಿಯ ಹತ್ತಿರ ಹೂ ಕಟ್ಟುತ್ತಿದ್ದ ಸರೋಜಮ್ಮನ ಮುಖ ನೋಡಿದರು.

"ಹಲಗೆ?" ಎಂದರು ಸರೋಜಮ್ಮ, ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ. "ಎಲ್ಲೈತೆ ಹಲಗೆ? ಯುಗಾದಿಗೆ ಎಣ್ಣೆನೀರಿಗೆ ಹಂಡೆ ಒಲೆಗೆ ಹಾಕ್ಬುಟ್ನಲ್ಲ. ಒಣಗಿದ್ ಮರ. ಎಷ್ಟು ಚೆನ್ನಾಗಿ ಉ‍ರೀತು ಅಂತೀಯ!"

"ಹಂಗಾದ್ರೆ ಬುಡಿ," ಎಂದ ಶಾಂತಮಲ್ಲಪ್ಪ, ಗರಗಸವನ್ನು ಚೀಲಕ್ಕೆ ಹಾಕಿಕೊಂಡು.

ಮದುವೆಯ ದಿನ ಹೆತ್ತೂರಿನ ಕಡೆಗೆ ಹೊರಟ ಬಸ್ಸಿನಲ್ಲಿ ಇಬ್ಬರು ಗೆಳತಿಯರೂ ಒಂದೇ ಸೀಟಿನಲ್ಲಿ ಕೂತಿದ್ದರು. ಘಾಟಿಯ ತಿರುವುಗಳಲ್ಲಿ ಸರೋಜಮ್ಮನಿಗೆ ತಲೆ ಸುತ್ತುತ್ತದೆಂದು ಸುಲೋಚನಮ್ಮ ಕಿಟಕಿಯ ಪಕ್ಕ ಬಿಟ್ಟುಕೊಟ್ಟರು. ಹಿಂದಿನ ಸೀಟಿನಲ್ಲಿ ಗಂಡಂದಿರು ಆಗಲೇ ನಿದ್ದೆ ಹೋಗಿದ್ದರು. ಎಡಬಲಕ್ಕೆ ತೋಟಗಳು, ಅವುಗಳ ಮೇಲೆ ಮಂಜು. ಸರೋಜಮ್ಮ ಗಾಳಿಗೆ ಮುಖ ಕೊಟ್ಟು ಹಾಡಿಕೊಳ್ಳಲು ಶುರುಮಾಡಿದರು. ಎರಡನೇ ಸಾಲಿಗೆ ಸುಲೋಚನಮ್ಮ ದನಿಗೂಡಿಸಿದರು. ಮೂರನೆಯ ಸಾಲು ಇಬ್ಬರಿಗೂ ಮರೆತುಹೋಗಿತ್ತು. ಮುಂದಿನ ಸೀಟಿನಲ್ಲಿದ್ದ ತನುಜಾ ತಿರುಗಿ, ಅದನ್ನು ನೆನಪಿಸಿಕೊಟ್ಟಳು.